ಗೌರವ್ವ ಕೇಳಿದ್ದು

"ಕರಿಯಾಳ!" ಎಂದು ಒಳಗಿನಿಂದ ಗುಮಾಸ್ತ ಕೂಗಿದ ಕೂಡಲೇ ಪಡಸಾಲೆಯ ಬಾಕಿನ ಮೇಲೆ ಕುಳಿತಿದ್ದ ದುಂಡಪ್ಪ ಎದ್ದು ನಿಂತ. ರುಮಾಲು ಸರಿಪಡಿಸಿಕೊಂಡು ಒಂದು ಹೆಜ್ಜೆ ಮುಂದಿಟ್ಟ ಮೇಲೆ, ಕರೆದದ್ದು ತನ್ನನ್ನಲ್ಲ ಎಂಬುದು ನೆನಪಾಯಿತು. ಬಾಗಿಲು ಕಾಯುತ್ತ ನಿಂತಿದ್ದ ಪಟ್ಟೇವಾಲ ಬೇರೆ ಕಡೆ ನೋಡಿದ. ಅವನು ನಕ್ಕಿದ್ದರೂ ಅಷ್ಟು ಕೆಡುಕೆನಿಸುತ್ತಿರಲಿಲ್ಲ. ದುಂಡಪ್ಪ ಮತ್ತೆ ಕುಳಿತ.

ಒಳಗೆ ಗಡಹಿಂಗ್ಲಜ ಪಂಚಾಯತ ಸಮಿತಿಯ ಸಭೆ ನಡೆದಿತ್ತು. ಅಲ್ಲಿ ಕರಿಯಾಳ ಊರಿನ ಹೆಸರಿನಲ್ಲಿ ಕುಳಿತವಳು ಅವನ ಸೊಸೆ ಗೌರವ್ವ.

ಸಂಸ್ಥಾನ ಹೋಗಿ ಕೊಲ್ಲಾಪುರಕ್ಕೆ ಜಿಲ್ಲಾ ಲೋಕಲ್ ಬೋರ್ಡು ಬಂದಾಗಿನಿಂದಲೂ ದುಂಡಪ್ಪ ಅದರ ಸದಸ್ಯನಾಗಿದ್ದ. ಊರಿಗೂ ಸಡಕಿಗೂ ನಡುವೆ ಹರಿಯುವ ಹಳ್ಳಕ್ಕೆ ಒಂದು ಸೇತುವೆ, ಅವರ ಮಾತಿನಲ್ಲಿ ಪೂಲ, ಕಟ್ಟಿಸಬೇಕೆಂಬುದು ಅವನು ಹಿಡಿದ ಹಟ. ಪ್ರತಿ ವರ್ಷ ಕೇಳುವುದು, ಪ್ರತಿ ವರ್ಷ "ಮುಂದಿನ ಸಾಲಿಗೆ ನೋಡೋಣ" ಎನ್ನಿಸಿಕೊಂಡು ಬರುವುದು. ಒಮ್ಮೆಯಂತೂ ಅಳತೆಯವರು ಬಂದು ಎರಡೂ ದಂಡೆಗೆ ಸುಣ್ಣ ಬಳಿದ ಕಲ್ಲು ನೆಟ್ಟು ಹೋಗಿದ್ದರು. ಅಷ್ಟರಲ್ಲಿ ಮುಂಬೈಯಲ್ಲಿ ಹೊಸ ಕಾಯ್ದೆಯಾಯಿತು. ಅರವತ್ತೆರಡರ ಬೇಸಿಗೆಯಲ್ಲಿ ಬೋರ್ಡನ್ನೇ ತೆಗೆದುಹಾಕಿದರು. ಸದಸ್ಯರಿಗೆಲ್ಲ ಒಂದೊಂದು ಹಾರ ಹಾಕಿ, ಸಾಲಾಗಿ ನಿಲ್ಲಿಸಿ ಫೋಟೋ ತೆಗೆದು ಕಳಿಸಿದರು. ಇನ್ನು ಮೇಲೆ ಜಿಲ್ಲೆಗೆ ಪರಿಷತ್ತು, ತಾಲೂಕಿಗೆ ಸಮಿತಿ. ದುಂಡಪ್ಪ ಹೊಸ ಚುನಾವಣೆಗೂ ನಿಂತ. ಬಿದ್ದ. ಮರುದಿನ ಎಂದಿನಂತೆ ಎದ್ದು ಹೊಲಕ್ಕೆ ಹೋದ. ಆದರೆ ಅಂದಿನಿಂದ ಅವನ ನಡಿಗೆ ಒಂದು ತೂಕ ನಿಧಾನವಾಯಿತು.

ಆ ಕಾಯ್ದೆಯಲ್ಲೇ ಇನ್ನೊಂದು ಮಾತಿತ್ತು. ಹೆಂಗಸರು ಯಾರೂ ಆರಿಸಿ ಬರದಿದ್ದರೆ ಸಮಿತಿಯೇ ಹುಡುಕಿ ಸೇರಿಸಿಕೊಳ್ಳಬೇಕು. ಸಭಾಪತಿ ಆಬಾಸಾಹೇಬ ಸುತ್ತಲಿನ ಊರುಗಳನ್ನೆಲ್ಲ ಹುಡುಕಿದ. ಮರಾಠಿ ಓದಲು ಬರೆಯಲು ಬಲ್ಲವಳೆಂದರೆ ಕರಿಯಾಳದ ಗೌರವ್ವ ಒಬ್ಬಳೇ. ಇಚಲಕರಂಜಿಯ ನೇಕಾರರ ಮನೆಯ ಮಗಳು, ಏಳನೆಯ ಇಯತ್ತೆ ಪಾಸಾದವಳು. ಆಬಾಸಾಹೇಬ ತಾನೇ ಮನೆಗೆ ಬಂದು ಕೇಳಿದಾಗ, ಬೇಡವೆನ್ನುತ್ತಾನೆಂದೇ ಎಲ್ಲರೂ ತಿಳಿದಿದ್ದ ದುಂಡಪ್ಪ ಹೂಂ ಎಂದುಬಿಟ್ಟ. ಕುರ್ಚಿ ಮನೆಯಲ್ಲೇ ಉಳಿಯಿತಲ್ಲ, ಬಾಯಿ ಅವಳದಾದರೇನು, ಮಾತು ತನ್ನದೇ ಎಂಬುದು ಅವನ ಎಣಿಕೆ. ಪ್ರತಿ ಸಭೆಗೂ ಅವಳನ್ನು ಕರೆದುಕೊಂಡು ಬರುವುದು, ಮುಗಿಯುವ ತನಕ ಈ ಬಾಕಿನ ಮೇಲೆ ಕಾಯುವುದು, ಮತ್ತೆ ಕರೆದುಕೊಂಡು ಹೋಗುವುದು ಅವನ ಕೆಲಸವಾಯಿತು.

ಇಂದಿನ ಸಭೆ ದೊಡ್ಡದು. ಪ್ರತಿ ಊರಿನವರೂ ಮುಂದಿನ ವರ್ಷಕ್ಕೆ ತಮಗೆ ಮೊದಲು ಬೇಕಾದ ಒಂದು ಕೆಲಸ ಹೇಳಬೇಕಿತ್ತು. ಬಸ್ಸಿನಲ್ಲಿ ಬರುವಾಗ ದುಂಡಪ್ಪ ಸೊಸೆಗೆ ಒಂದೇ ವಾಕ್ಯವನ್ನು ಮತ್ತೆ ಮತ್ತೆ ಹೇಳಿಕೊಟ್ಟಿದ್ದ. "ಆಮಚ್ಯಾ ಓಢ್ಯಾವರ ಪೂಲ ಪಾಹಿಜೆ. ನಮ್ಮ ಹಳ್ಳಕ್ಕ ಪೂಲ ಬೇಕು. ಇಷ್ಟ ಹೇಳಿ ಕುಂದ್ರು. ಹೆಚ್ಚಿಗಿ ಏನೂ ಬ್ಯಾಡ." ಅವಳು ಹೊರಗೆ ನೋಡುತ್ತ ತಲೆಯಾಡಿಸಿದ್ದಳು.

ಈಗ ತೆರೆದ ಕಿಟಕಿಯಿಂದ ಅವಳ ದನಿ ಕೇಳಿಸಿತು. ಸಣ್ಣ ದನಿ, ಆದರೆ ನಡುಕವಿರಲಿಲ್ಲ.

"ಆಮಚ್ಯಾ ಗಾವಾಲಾ ನರ್ಸಬಾಯಿ ಪಾಹಿಜೆ."

ಒಳಗೆ ಗುಜುಗುಜು ಎದ್ದಿತು. ಊರಿಗೆ ಒಬ್ಬ ನರ್ಸಬಾಯಿ, ಅವಳಿಗೆ ಇರಲಿಕ್ಕೆ ಒಂದು ಕೋಣೆ, ಕೋಣೆಗೆ ಜಾಗ ಊರವರೇ ಕೊಡುತ್ತಾರೆ ಎಂದು ಗೌರವ್ವ ಬಿಡಿಸಿ ಹೇಳುತ್ತಿದ್ದಳು. ದುಂಡಪ್ಪ ಕಿವಿಗೊಟ್ಟು ಕಾದ. ಪೂಲದ ಮಾತು ಬರಲಿಲ್ಲ. ಗುಮಾಸ್ತ ಮುಂದಿನ ಊರಿನ ಹೆಸರು ಕೂಗಿದ.

ಚಹಾದ ಹೊತ್ತಿಗೆ ಆಬಾಸಾಹೇಬ ಹೊರಗೆ ಬಂದು ಬಾಕಿನ ಮೇಲೆ ಅವನ ಪಕ್ಕದಲ್ಲೇ ಕುಳಿತ. "ದುಂಡಪ್ಪಣ್ಣಾ, ನಿಮ್ಮ ಸೊಸಿ ಭಾಳ ಶಾಣ್ಯಾಕಿ ಅದಾಳ್ರಿ. ಎಲ್ಲಾರೂ ಆಗದ್ದನ್ನ ಕೇಳಾಕತ್ತಿದ್ರು. ಆಕಿ ಒಬ್ಬಾಕಿ ಆಗೂದನ್ನ ಕೇಳಿದಳು."

"ಪೂಲ ಆಗದ್ದೇನ್ರಿ ಸಾಹೇಬ?"

"ಅಷ್ಟು ದೊಡ್ಡ ಕೆಲಸ ಹೊಸ ಕಾಯ್ದೇದಾಗ ನಮ್ಮ ಸಮಿತಿ ಕೈಯಾಗ ಇಲ್ಲ. ಅದು ಪರಿಷತ್ತಿಂದು. ಪರಿಷತ್ತಿನವರು ಮುಂಬೈ ಕಡೆ ಮಾರಿ ಮಾಡ್ತಾರ."

"ಬೋರ್ಡಿನಾಗ ನಮ್ಮ ಕೈಯಾಗ ಇತ್ತು."

ಆಬಾಸಾಹೇಬ ಬಶಿಗೆ ಚಹಾ ಸುರಿದುಕೊಂಡು ಊದಿದ. ನಿಮ್ಮ ಕೈಯಲ್ಲಿದ್ದಾಗ ಯಾಕೆ ಆಗಲಿಲ್ಲ ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು ಎನಿಸಿತು ದುಂಡಪ್ಪನಿಗೆ.

ಸಡಕಿನಿಂದ ಊರದಾರಿ ಒಡೆಯುವ ಫಾಟ್ಯಾದಲ್ಲಿ ಇಬ್ಬರೂ ಬಸ್ಸಿಳಿದು, ಕಬ್ಬಿನ ಹೊಲಗಳ ನಡುವಿನ ಬಂಡಿದಾರಿ ಹಿಡಿದು ಹಳ್ಳಕ್ಕೆ ಬಂದರು. ಮಾಘಮಾಸದ ಹಳ್ಳ, ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟುವಷ್ಟೇ ನೀರು. ನಡು ಹಳ್ಳದಲ್ಲಿ ದುಂಡಪ್ಪ ನಿಂತ.

"ನಾ ಹೇಳಿಕೊಟ್ಟದ್ದೇನು, ನೀ ಕೇಳಿದ್ದೇನು?"

ಗೌರವ್ವ ಹಿಂದಿನ ಕಲ್ಲಿನ ಮೇಲೆ ಸೆರಗು ಹಿಡಿದು ನಿಂತಿದ್ದಳು. "ಪೂಲ ಅವರ ಕೈಯಾಗ ಇಲ್ರಿ ಮಾವಾರ. ಹ್ವಾದ ಸಭಾದಾಗೂ ಮೂರು ಊರಿನವರು ಕೇಳಿದ್ರು. ಬರಕೊಂಡ್ರು, ಬಿಟ್ರು. ನಮ್ಮ ಊರಿನ ಸರತಿ ಸುಮ್ಮನ ಹೋಗ್ತಿತ್ತು."

"ಶಿವವ್ವನ್ನ ಮರ್ತಿ ಏನು? ಹೋದ ಮಳಿಗಾಲದಾಗ ಹೆರಿಗಿ ಬ್ಯಾನಿ ತಿಂದು ಈ ದಂಡಿಮ್ಯಾಗ ಬಂಡ್ಯಾಗ ಬಿದ್ದಿದ್ದಳು. ಪೂಲ ಇದ್ದಿದ್ರ ಗಡಹಿಂಗ್ಲಜಕ್ಕ ಒಯ್ತಿದ್ದಿವಿ. ಕೂಸು ಉಳೀತಿತ್ತು."

"ಮರ್ತಿಲ್ರಿ. ಆಕೀ ತಲೀ ನನ್ನ ತೊಡೀಮ್ಯಾಗ ಇತ್ತು." ಗೌರವ್ವ ನೀರು ನೋಡುತ್ತ ಹೇಳಿದಳು. "ಊರಾಗ ನರ್ಸಬಾಯಿ ಇದ್ದಿದ್ರ ಆಕೀನ್ನ ಬಂಡ್ಯಾಗ ಹಾಕೂದ ಬೇಕಾಗ್ತಿದ್ದಿಲ್ಲ."

ಆ ಮಾತು ಖರೆ ಎಂದೇ ದುಂಡಪ್ಪನಿಗೆ ಸಿಟ್ಟು ಬಂತು. "ಇನ್ನ ಮ್ಯಾಲೆ ನಿನ್ನ ಸಭಾಕ್ಕ ನೀನ ಹೋಗು" ಎಂದು ದಂಡೆ ಹತ್ತಿದ.

ಅವಳು ಹೋದಳು. ಗಂಡ ಕಾಡಸಿದ್ದನಿಗೆ ಕಬ್ಬು ಕಡಿಯುವ ಗಡಿಬಿಡಿ. ಅವನು ಹೋಗು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಅವಳು ರೊಟ್ಟಿ ಬಡಿದಿಟ್ಟು, ಫಾಟ್ಯಾದ ತನಕ ಒಬ್ಬಳೇ ನಡೆದು ಬಸ್ಸು ಹಿಡಿದು ಹೋಗಿ ಬಂದಳು. ದುಂಡಪ್ಪನ ಸೊಸೆ ಒಬ್ಬಳೇ ಗಡಹಿಂಗ್ಲಜ ತಿರುಗುತ್ತಾಳೆ ಎಂದು ಕಟ್ಟೆಯ ಮೇಲೆ ಆಡಿಕೊಂಡದ್ದು ಅವನ ಕಿವಿಗೂ ಬಿತ್ತು. ಮನೆಯಲ್ಲಿ ಅವಳು ಬಡಿಸಿದ್ದನ್ನು ಉಂಡು, ತಾಟಿನಲ್ಲಿ ಕೈ ತೊಳೆದು ಎದ್ದು ಹೋಗುತ್ತಿದ್ದ. ಮೊದಲು ಊಟದ ಹೊತ್ತಿಗೆ ಸಭೆಯ ಸುದ್ದಿ ಕೇಳುತ್ತಿದ್ದವನು ಈಗ ಉಪ್ಪಿನಕಾಯಿಯನ್ನೂ ಕೇಳುತ್ತಿರಲಿಲ್ಲ.

ಯುಗಾದಿ ಆದ ಮೇಲೆ ಅವನು ಯಾರಿಗೂ ಹೇಳದೆ ಕೊಲ್ಲಾಪುರಕ್ಕೆ ಹೋದ. ಜಿಲ್ಲಾ ಪರಿಷತ್ತಿನ ಕಚೇರಿಯಲ್ಲಿ ಹಳೆಯ ಮುಖ ಒಂದಾದರೂ ಕಂಡೀತೆಂದು ಎಲ್ಲ ಬಾಗಿಲಲ್ಲೂ ಇಣುಕಿದ. ಯಾರೂ ಕಾಣಲಿಲ್ಲ. ಬಹಳ ಹೊತ್ತು ನಿಂತ ಮೇಲೆ ಒಬ್ಬ ಹರೆಯದ ಸಾಹೇಬ ಕೂರಿಸಿ, ನೀರು ತರಿಸಿ, ಪೂಲದ ಕಥೆ ಪೂರ್ತಿ ಕೇಳಿದ. ಕೇಳಿ ಮರಾಠಿಯಲ್ಲಿ ಮೆಲ್ಲಗೆ ಹೇಳಿದ: ಅಜ್ಜಾ, ನಿಮ್ಮ ಮಾತು ಖರೆ. ಆದರೆ ಬೋರ್ಡಿನ ಠರಾವು ಬೋರ್ಡಿನ ಜತೆಗೇ ಹೋಯಿತು. ಈಗ ಹೊಸದಾಗಿ ಸಮಿತಿಯ ಮುಖಾಂತರ ಬರಬೇಕು. ಸಮಿತಿಯಲ್ಲಿ ನಿಮ್ಮ ಊರಿನವರು ಯಾರಿದ್ದಾರೋ ಅವರಿಂದ ವಿಷಯ ಎತ್ತಿಸಿ.

ದುಂಡಪ್ಪ ನೀರು ಕುಡಿದು ಲೋಟ ಕೆಳಗಿಟ್ಟ. ಹೊರಗೆ ಬಿಸಿಲು ಸುಡುತ್ತಿತ್ತು. ಬಸ್ ಸ್ಟ್ಯಾಂಡಿನ ತನಕ ನಡೆಯುವ ಹುಮ್ಮಸ್ಸಿಲ್ಲದೆ ಕಚೇರಿಯ ಬೇವಿನ ನೆರಳಲ್ಲೇ ಹೆಗಲ ಮೇಲಿನ ಉಪರಣೆ ಹಾಸಿ ಕುಳಿತ. ಹೇಳಬೇಕಾದದ್ದು ಒಂದೇ ಮಾತು, ಹೇಳಬೇಕಾದವಳು ತನ್ನ ಮನೆಯ ಅಡಿಗೆಮನೆಯಲ್ಲೇ ಇದ್ದಾಳೆ. ಆದರೆ ಅಲ್ಲಿಗೆ ಹೋಗುವ ದಾರಿ ಕೊಲ್ಲಾಪುರಕ್ಕಿಂತ ದೂರ ಎನಿಸಿತು. ಅಂದು ರಾತ್ರಿ ಊಟಕ್ಕೆ ಕುಳಿತಾಗಲೂ ಹೇಳಲಿಲ್ಲ. ಮರುದಿನವೂ ಹೇಳಲಿಲ್ಲ. ಹಾಗೆಯೇ ಮಳೆಗಾಲ ಬಂತು.

ನರ್ಸಬಾಯಿ ಮಂಜೂರಾದ ಸುದ್ದಿ ಕಾರಹುಣ್ಣಿಮೆಯ ಹೊತ್ತಿಗೇ ಬಂದಿತ್ತು. ಆದರೆ ಅವಳು ಬಂದದ್ದು ಹಳ್ಳ ಎರಡೂ ದಂಡೆ ತುಂಬಿ ಕೆಂಪಗೆ ಹರಿಯುತ್ತಿದ್ದ ಒಂದು ಮಧ್ಯಾಹ್ನ. ಯಲಗೂರಪ್ಪನೆಂಬ ಪಕ್ಕದ ಹೊಲದವನು ಓಡುತ್ತ ಬಂದು ಹೇಳಿದ: "ಆಚೀ ದಂಡಿಮ್ಯಾಗ ನರ್ಸಬಾಯಿ ನಿಂತಾಳ್ರಿ. ನೀರು ನೋಡಿ ಹೊಳ್ಳಿ ಹೋಗ್ತೇನಿ ಅಂತ ಒದರಾಕತ್ತಾಳ."

ದುಂಡಪ್ಪ ಹಳ್ಳಕ್ಕೆ ಬಂದಾಗ ಗೌರವ್ವ ಆಗಲೇ ಅಲ್ಲಿದ್ದಳು. ತಲೆಯ ಮೇಲೆ ಗೋಣಿಯ ಕೊಪ್ಪೆ, ಮೊಣಕಾಲ ತನಕ ರಾಡಿ. ಆಚೆ ದಂಡೆಯಲ್ಲಿ ಬಿಳಿ ಸೀರೆ ಉಟ್ಟ ಹುಡುಗಿಯೊಬ್ಬಳು ಟ್ರಂಕು ಮುಂದಿಟ್ಟುಕೊಂಡು ಕೊಡೆ ಹಿಡಿದು ನಿಂತಿದ್ದಳು. "ತಡೀರಿ ಬಾಯಾರ, ಹೋಗಬ್ಯಾಡ್ರಿ" ಎಂದು ಗೌರವ್ವ ಕೂಗುತ್ತಿದ್ದಳು. ನೀರಿನ ಸದ್ದಿನಲ್ಲಿ ಅದು ಆಚೆಗೆ ತಲುಪುತ್ತಿತ್ತೋ ಇಲ್ಲವೋ. ಮಾವನನ್ನು ಕಂಡು ಸುಮ್ಮನಾದಳು. ಪೂಲದ ಮಾತೆತ್ತಿ ಇಂದು ಅವನು ಏನೆಂದರೂ ಅವಳು ಕೇಳಿಸಿಕೊಳ್ಳಲೇಬೇಕಿತ್ತು. ಅದು ಅವಳ ಮುಖದಲ್ಲೇ ಇತ್ತು.

ದುಂಡಪ್ಪ ಹಳ್ಳವನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿದ. "ಯಲಗೂರಾ, ಕಾಡಸಿದ್ದನ್ನ ಕರಕೊಂಡು ಗಾಣದ ಮನಿಗಿ ಹೋಗು. ಕೊಪ್ಪರಿಗಿ ತರ್ರಿ. ಹಗ್ಗಾನೂ ತರ್ರಿ" ಎಂದ.

ಬೆಲ್ಲ ಕಾಯಿಸುವ ಆ ದೊಡ್ಡ ಕಬ್ಬಿಣದ ಕೊಪ್ಪರಿಗೆಯೇ ಮಳೆಗಾಲದಲ್ಲಿ ಆ ಊರಿನ ದೋಣಿ. ಹಗ್ಗ ಕಟ್ಟಿ, ಇಬ್ಬರು ಹರೆಯದವರು ಅಂಚು ಹಿಡಿದು ಈಜುತ್ತ ತಳ್ಳುತ್ತಾರೆ. ಒಳಗೆ ಒಬ್ಬರು ತೂಕಕ್ಕೆ ಕೂರಬೇಕು. "ನೀವು ಬ್ಯಾಡ್ರಿ ಮಾವಾರ" ಎಂದಳು ಗೌರವ್ವ.

"ಹುಡುಗುರನ್ನ ನಂಬಿ ಆಕಿ ಕುಂದ್ರೂದಿಲ್ಲ. ಮುದುಕನ್ನ ನೋಡಿದ್ರ ಕುಂದ್ರತಾಳ" ಎಂದು ದುಂಡಪ್ಪ ಧೋತರ ಎತ್ತಿ ಕಟ್ಟಿ ಒಳಗೆ ಕುಳಿತ.

ನರ್ಸಬಾಯಿಯ ಹೆಸರು ಕಾಂಚನ. ಇಪ್ಪತ್ತೂ ತುಂಬಿರಲಾರದು. ಆಚೆ ದಂಡೆಗೆ ಬಂದು ನಿಂತ ಕೊಪ್ಪರಿಗೆ ನೋಡಿ ಅವಳು ಹಿಂದೆ ಸರಿದಳು. "ದತ್ತವಾಡದಾಕಿ ನಾ, ಹೊಳಿ ಕಾಣದಾಕಿ ಅಲ್ರಿ ಅಜ್ಜಾರ. ದೋಣ್ಯಾಗ ಕುಂತು ದಾಟೇನಿ. ಇದರಾಗ ಬೆಲ್ಲ ಮಾಡೂದ ನೋಡೇನಿ!"

"ಬೆಲ್ಲಕ್ಕ ಹೆದರಿಕಿಲ್ಲವ್ವಾ. ಕುಂದ್ರು" ಎಂದು ದುಂಡಪ್ಪ ಕೈಚಾಚಿದ. ಅವಳು ಆ ಮುದಿ ಕೈಯನ್ನು ನೋಡಿದಳು. ಮತ್ತೆ ಏನೆನಿಸಿತೋ, ಕೊಡೆ ಮಡಚಿ ಟ್ರಂಕಿನೊಂದಿಗೆ ಒಳಗಿಳಿದಳು.

ನಡು ಹಳ್ಳದಲ್ಲಿ ಸೆಳೆತ ಜೋರಾಯಿತು. ಕೊಪ್ಪರಿಗೆ ಒಂದು ಸುತ್ತು ತಿರುಗಿತು. ಯಲಗೂರಪ್ಪ, ಕಾಡಸಿದ್ದ ಇಬ್ಬರೂ ಉಸಿರು ಬಿಗಿಹಿಡಿದು ತಳ್ಳುತ್ತಿದ್ದರು. ಕಾಂಚನ ಅಂಚನ್ನು ಗಟ್ಟಿಯಾಗಿ ಹಿಡಿದು, ಅಳು ನುಂಗಿಕೊಂಡು, ಎದುರಿಗೆ ಕುಳಿತವನ ಮೇಲೆ ಹರಿಹಾಯ್ದಳು: "ಇಂಥಾ ಹಳ್ಳಕ್ಕ ಒಂದು ಪೂಲ ಇಲ್ಲೇನ್ರಿ? ಇಷ್ಟು ವರ್ಷ ನಿಮ್ಮ ಊರಾಗ ಯಾರೂ ಕೇಳೇ ಇಲ್ಲೇನ್ರಿ?"

ಅಂಚು ಹಿಡಿದು ಈಜುತ್ತಿದ್ದ ಕಾಡಸಿದ್ದ ನೀರಿನಿಂದ ತಲೆಯೆತ್ತಿ ಅಪ್ಪನ ಮುಖ ನೋಡಿದ.

"ಕೇಳ್ಯಾರವ್ವಾ" ಎಂದ ದುಂಡಪ್ಪ. "ಕಾಲು ಆಚೀಕಡೆ ಚಾಚು. ತೂಕ ಸರಿ ಆಗ್ತೈತಿ."

ದಂಡೆಯಲ್ಲಿ ಹೆಂಗಸರು ಸೇರಿದ್ದರು. ಶಿವವ್ವನೂ ಇದ್ದಳು, ಮತ್ತೆ ದಿನ ತುಂಬುತ್ತ ಬಂದಿತ್ತು ಅವಳಿಗೆ. ಅವಳು ಮುಂದೆ ಬರಲಿಲ್ಲ. ಹಿಂದೆಯೇ ನಿಂತು ನರ್ಸಬಾಯಿಯನ್ನು ಕಾಲಿನಿಂದ ತಲೆಯ ತನಕ ನೋಡಿದಳು. ಇಬ್ಬರು ಟ್ರಂಕು ಹೊತ್ತರು, ಒಬ್ಬಳು ತನ್ನ ಕೊಪ್ಪೆ ತೆಗೆದು ಕಾಂಚನಳ ತಲೆಗೆ ಹಾಕಿದಳು. ಎಲ್ಲರೂ ಮಾತಾಡುತ್ತ ಊರ ಕಡೆ ಏರು ಹತ್ತಿದರು. ಗೌರವ್ವ ಮಾತ್ರ ಹಿಂದುಳಿದು, ಒದ್ದೆಯಾಗಿ ಕಲ್ಲಿನ ಮೇಲೆ ಕುಳಿತಿದ್ದ ಮಾವನಿಗೆ ಒಣ ಸೆಲ್ಲೆ ಕೊಟ್ಟಳು.

ಅವನು ತಲೆ ಒರೆಸಿಕೊಂಡ. ಬಹಳ ಹೊತ್ತು ಒರೆಸಿಕೊಂಡ.

"ಇನ್ನ ನಿಮ್ಮ ಸಭಾ ಯಾವಾಗ ಐತಿ?"

"ಪಂಚಮಿ ಆದಮ್ಯಾಗ್ರಿ."

"ಕೊಲ್ಲಾಪುರಕ್ಕ ಹೋಗಿದ್ದೆ. ಸಮಿತ್ಯಾಗಿಂದ ಬರಬೇಕಂತ, ಪೂಲದ್ದು."

"ಆ ಒಂದು ಸಾಲು ನೀವ ಹೇಳಿಕೊಟ್ಟೀರಲ್ರಿ" ಎಂದಳು ಗೌರವ್ವ. "ಇನ್ನೂ ಬಾಯಾಗ ಐತಿ."

ಅಷ್ಟರಲ್ಲಿ ಯಲಗೂರಪ್ಪ ಆಚೆಗೆ ಕೈ ತೋರಿಸಿದ. ಎದುರು ದಂಡೆಯ ಜಾಲಿಮರದ ಬುಡದಲ್ಲಿ ನರ್ಸಬಾಯಿಯ ಹಾಸಿಗೆಯ ಸುರುಳಿ ಉಳಿದುಬಿಟ್ಟಿತ್ತು. ಮಳೆ ಮತ್ತೆ ಬಿರುಸಾಗುತ್ತಿತ್ತು. ದುಂಡಪ್ಪ ಮೊಣಕಾಲಿಗೆ ಕೈಯೂರಿ ಎದ್ದು, ಕೊಪ್ಪರಿಗೆಯಲ್ಲಿ ನಿಂತ ನೀರನ್ನು ಎರಡೂ ಬೊಗಸೆಯಿಂದ ಹೊರಗೆ ಚೆಲ್ಲತೊಡಗಿದ. ಗೌರವ್ವ ಇನ್ನೊಂದು ಬದಿಗೆ ಬಂದು ಕುಳಿತು ತಾನೂ ಚೆಲ್ಲತೊಡಗಿದಳು.