ವೈರಿಲ್ಲದ ಗುಂಡಿ

"ಮುಟ್ಬೇಡಕ್ಕ, ಅಂಟು ಇನ್ನೂ ಒಣಗಿಲ್ಲ!" ಅಡುಗೆಮನೆಯಿಂದಲೇ ತಮ್ಮ ಕೂಗಿದ.

ಅಕ್ಕ ಮುಟ್ಟಿರಲಿಲ್ಲ. ಮುಟ್ಟುವಷ್ಟು ಧೈರ್ಯವೂ ಅವಳಿಗಿರಲಿಲ್ಲ. ತನ್ನ ಕಸುಬಿನ, ಹಲ್ಲಿನ ಸೆಟ್ಟು ಮಾಡುವ ಅಚ್ಚುಗಳನ್ನೆಲ್ಲ ಪಕ್ಕಕ್ಕೆ ಸರಿಸಿ ಅವನು ಮೇಜಿನ ಮೇಲೆ ಇಟ್ಟಿದ್ದ ಫಲಕವನ್ನು ನೋಡಿ ಅವಳು ಒಂದು ಹೆಜ್ಜೆ ಹಿಂದೆ ಸರಿದಿದ್ದಳು. ಅರ್ಧಚಂದ್ರದ ಹಾಗೆ ಜೋಡಿಸಿದ ದೀಪಗಳು. ಎಡಗಡೆ ಕೆಂಪು ಹಿಡಿಕೆ, ಅದಕ್ಕೊಂದು ಮುಚ್ಚಳ. ಬಲಗಡೆ, ಎಲ್ಲದರಿಂದ ದೂರ, ಮುನಿಸಿಕೊಂಡಂತೆ ಒಂಟಿಯಾಗಿ ಕೂತ, ತಿರುಗಿಸುವ ಕರಿ ಗುಂಡಿ. ಥೇಟ್ ಇಂಥದ್ದನ್ನೇ ಅವಳು ಬೆಳಿಗ್ಗೆ ರಕ್ಷಣಾ ಇಲಾಖೆಯ ಬೀಗದ ಕೋಣೆಯಲ್ಲಿ ನೋಡಿ ಬಂದಿದ್ದಳು. ಹಾರಿ ಬರುವ ಕ್ಷಿಪಣಿಯನ್ನು ಆಕಾಶದಲ್ಲೇ ಹೊಡೆದುರುಳಿಸುವ ಹೊಸ ಯಂತ್ರದ ಫಲಕ ಅದು.

ಅಲ್ಲಿ ಅವಳದು ಭದ್ರತೆಯ ಕೆಲಸ. ಒಳಗೆ ಹೋಗುವವರ ಫೋನುಗಳನ್ನು ಟ್ರೇಗೆ ಹಾಕಿಸಿಕೊಳ್ಳಬೇಕು, ಎಂಜಿನಿಯರುಗಳು ಕೆಲಸ ಮುಗಿಸುವವರೆಗೆ ರೆಪ್ಪೆ ಬಡಿಯದೆ ಕಾಯಬೇಕು. ಮಂತ್ರಿಗಳೇ ಬಂದರೂ ಅವಳು ಟ್ರೇ ಒಡ್ಡಿದರೆ ಫೋನು ಬೀಳಲೇಬೇಕು. ತಮ್ಮನಿಗೆ ಇದೊಂದು ತಮಾಷೆ. ಇವತ್ತೂ ಬಾಗಿಲಲ್ಲೇ, "ಟ್ರೇ ತಂದಿದೀಯೇನಕ್ಕ? ನನ್ನ ಫೋನೂ ಹಾಕ್ಬಿಡ್ಲಾ?" ಎಂದು ನಕ್ಕಿದ್ದ.

"ಏನೋ ಇದು?" ಎಂದಳು.

"ನಮ್ಮ ನೌಕೆಯ ಪ್ಯಾನೆಲ್ಲು! ಕಮಾಂಡರ್ ಕೂರೋ ಜಾಗದ್ದು." ತಮ್ಮ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ.

ಚಿಕ್ಕಂದಿನಲ್ಲಿ ಟೀವಿಯಲ್ಲಿ ಬರುತ್ತಿದ್ದ ಅಂತರಿಕ್ಷದ ಧಾರಾವಾಹಿ. ತಮ್ಮ ಅದಕ್ಕೆ ಊಟ ಬಿಟ್ಟು ಕೂರುತ್ತಿದ್ದ. ಆ ಹೊತ್ತಿಗೆ ಅಕ್ಕ ಪಾಠಕ್ಕೆ ಹೋಗಿರುತ್ತಿದ್ದಳು, ಒಂದು ಕಂತನ್ನೂ ನೋಡಿದವಳಲ್ಲ. ಟೀವಿಯವರು ಟೇಪುಗಳನ್ನು ಎಂದೋ ಅಳಿಸಿಹಾಕಿದ್ದರು. ಈಗ ಅಭಿಮಾನಿಗಳು ನೆನಪಿನಿಂದಲೇ ನೌಕೆ ಕಟ್ಟುತ್ತಿದ್ದಾರಂತೆ. ಅಂದರೆ ಇವನು ಹೇಳುವುದು ಹೌದೋ ಅಲ್ಲವೋ ಎಂದು ತಾಳೆ ನೋಡಲು ಏನೂ ಇಲ್ಲ. ಎಂಥಾ ಅನುಕೂಲ, ಅಂದುಕೊಂಡಳು.

"ಮಾಡಿ ಏನು ಮಾಡ್ತೀಯ?"

"ಗಡಿಯಾಚೆ ನಮ್ಮೋರೊಬ್ರು ಇದಾರಕ್ಕ, ಅವರಿಗೆ ಕಳಿಸ್ತೀನಿ. ಕುರ್ಚಿ ಅವರದ್ದು, ಪ್ಯಾನೆಲ್ ನಂದು."

ಗಡಿಯಾಚೆ 'ನಮ್ಮೋರು'! ಆ ದೇಶ ತನ್ನ ರಾಯಭಾರಿಯನ್ನು ವಾಪಸು ಕರೆಸಿಕೊಂಡ ಸುದ್ದಿ ಇನ್ನೂ ಬಿಸಿಯಾಗಿತ್ತು.

"ಈ ಕರಿ ಗುಂಡಿ ಯಾಕೆ?"

"ಸುಮ್ನೆ. ಅದಕ್ಕೆ ವೈರೇ ಇಲ್ಲ. ಇದು ಯಾರಿಗೂ ಗೊತ್ತಿಲ್ಲ, ನಿನಗೊಬ್ಬಳಿಗೇ ಹೇಳ್ತಿರೋದು."

ಬೀಗದ ಕೋಣೆಯ ಗುಂಡಿಗೂ ವೈರಿರಲಿಲ್ಲ; ಎಂಜಿನಿಯರುಗಳು ಫಲಕ ಬಿಚ್ಚಿದ್ದಾಗ ಅವಳೇ ಕಂಡಿದ್ದಳು. ಅದನ್ನು ಬಲ್ಲವರನ್ನು ಬೆರಳಲ್ಲಿ ಎಣಿಸಬಹುದಿತ್ತು.

ತಮ್ಮ ಟೀ ಸೋಸಲು ಒಳಗೆ ಹೋದ. ಅವಳು ಫೋನು ತೆಗೆದು ಫೋಟೋ ಹೊಡೆದುಕೊಂಡಳು. ಅವನನ್ನೇ ಕೇಳಿಬಿಡಲೇ? ಕಳ್ಳನಾಗಿದ್ದರೆ ಪರಾರಿಯಾಗುತ್ತಾನೆ. ಅಲ್ಲದಿದ್ದರೆ? ತಪ್ಪು ಮಾಡದವರಿಗೆ ಭಯ ಯಾಕೆ ಎಂದು ಬಾಗಿಲಲ್ಲಿ ನಿಂತು ಎಷ್ಟೋ ಜನಕ್ಕೆ ಹೇಳಿದ್ದಳು. ಈಗ ತನಗೇ ಹೇಳಿಕೊಂಡಳು. ಟೀ ಅರ್ಧಕ್ಕೇ ಬಿಟ್ಟು ಎದ್ದಳು.

ಮರುದಿನ ಫೋಟೋ ಮೇಲಧಿಕಾರಿಯ ಮೇಜಿಗೆ ಹೋಯಿತು, ಗುಂಡಿಗೆ ವೈರಿಲ್ಲವೆಂದ ತಮ್ಮನ ಮಾತಿನ ಸಮೇತ. ಸಂಜೆಯೊಳಗೆ ತಮ್ಮನ ಮನೆ ತಲೆಕೆಳಗಾಯಿತು. ಒಳಗೇನಿದೆಯೋ ಎಂದು ಹಲ್ಲಿನ ಅಚ್ಚುಗಳನ್ನೆಲ್ಲ ಒಡೆದು ನೋಡಿದರಂತೆ. ಅಕ್ಕಪಕ್ಕದವರು ಕಿಟಕಿಯಲ್ಲಿ ಜೋತುಬಿದ್ದು ನೋಡುತ್ತಿದ್ದಂತೆ ಅವನನ್ನು ಜೀಪು ಹತ್ತಿಸಿದರು.

ಫಲಕವನ್ನು ಗುರುತಿಸಲು ಮುಖ್ಯ ಎಂಜಿನಿಯರನ್ನು ಕರೆಸಿದರು. ತಲೆ ಪೂರ್ತಿ ಬೆಳ್ಳಗಾಗಿದ್ದ ಅವರನ್ನು ಆಫೀಸಿನವರೆಲ್ಲ ಅಜ್ಜ ಅನ್ನುತ್ತಿದ್ದರು. ಫಲಕ ಕಂಡದ್ದೇ ಅಜ್ಜನ ಮುಖ ಅರಳಿತು.

"ಅರೆ! ಮುಚ್ಚಳ ಎಷ್ಟು ಚೆನ್ನಾಗಿ ಕೂರಿಸಿದಾನೆ! ಯಾರ್ರೀ ಈ ಪುಣ್ಯಾತ್ಮ?"

ಮೇಲಧಿಕಾರಿ ಅವರನ್ನೇ ದುರುಗುಟ್ಟಿ ನೋಡಿದರು. ಅಜ್ಜ ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು. ಆಮೇಲೆ, ಕದ್ದು ತಿಂದು ಸಿಕ್ಕಿಬಿದ್ದ ಮಗುವಿನ ಹಾಗೆ, ವಿಷಯ ಬಾಯಿಬಿಟ್ಟರು. ಅವರೂ ಆ ಧಾರಾವಾಹಿಯ ಹುಚ್ಚರೇ. ಯಂತ್ರದ ಫಲಕದ ನಕ್ಷೆ ಬರೆಯಲು ಕೂತಾಗ ಕೈ ತಾನಾಗಿ ಆ ನೌಕೆಯದ್ದನ್ನೇ ಬರೆದಿತ್ತು.

"ಮತ್ತೆ ಆ ಗುಂಡಿ?" ಬಾಗಿಲ ಬಳಿ ನಿಂತಿದ್ದ ಅಕ್ಕನ ಬಾಯಿಂದ ಪ್ರಶ್ನೆ ಜಾರಿತು.

"ಹಿಡಿಕೆ ಎಳೆಯೋ ಮುಂಚೆ ಕಮಾಂಡರ್ ಅದನ್ನ ತಿರುಗಿಸ್ತಾ ಯೋಚನೆ ಮಾಡ್ತಿದ್ದ ಕಣಮ್ಮ. ಆತುರದ ಕೈಗೆ ಒಂದು ಗಳಿಗೆ ಬೇರೆ ಕೆಲಸ ಇರ್ಲಿ ಅಂತ ನಾನೂ ಇಟ್ಟೆ."

ಮೇಲಧಿಕಾರಿ ಬಾಗಿಲು ಹಾಕಿಸಿದರು. "ಈ ಮಾತು ಈ ರೂಮು ದಾಟಬಾರದು. ಆ ಧಾರಾವಾಹಿ ನೋಡಿದೋರೆಲ್ಲ ನಮ್ಮ ಪ್ಯಾನೆಲ್ ನೋಡಿದಂಗೇ ಲೆಕ್ಕ. ಹುಡುಗನ್ನ ಬಿಟ್ಬಿಡಿ, ಪ್ಯಾನೆಲ್ ಇಲ್ಲೇ ಇರ್ಲಿ. ಮೇಡಂ, ನಿಮ್ಮ ತಮ್ಮನಿಗೂ ಒಂದಕ್ಷರ ಹೇಳೋ ಹಾಗಿಲ್ಲ."

"ಯಾಕೆ ಹಿಡಿದ್ರು ಅಂತಾದ್ರೂ, ಸರ್..."

"ಅದೂ ಇಲ್ಲ."

ರಜೆ ಬಂದ ಕೂಡಲೇ ಅವಳು ತಮ್ಮನ ಮನೆಗೆ ಹೋದಳು. ಬೆಲ್ಲು ಒತ್ತಿದಳು. ಫೋಟೋ ತೋರಿಸಿದ್ದು ತಾನೇ ಎಂದು ಅವನಿಗೆ ಹೇಗೆ ಗೊತ್ತಾದೀತು, ಯಾರೂ ಹೇಳಿರಲಾರರು ಎಂದು ದಾರಿಯುದ್ದಕ್ಕೂ ತನಗೆ ತಾನೇ ಸಮಾಧಾನ ಹೇಳಿಕೊಂಡು ಬಂದಿದ್ದಳು.

ತಮ್ಮ ಬಾಗಿಲು ತೆರೆದ. ಕೈಯಲ್ಲಿ ಅಚ್ಚುಗಳನ್ನಿಡುವ ಅವನ ಹಳೇ ಟ್ರೇ. ಅದರ ತುಂಬ ಪ್ಲಾಸ್ಟರಿನ ಬಿಳಿ ಪುಡಿ.

"ಫೋನು," ಎಂದ.

ಅವಳು ಅವನ ನಗುವಿಗಾಗಿ ಕಾದಳು. ಬರಲಿಲ್ಲ.

"ಆ ಗುಂಡಿಗೆ ವೈರಿಲ್ಲ ಅನ್ನೋದು ನಾನು ನಿನಗೊಬ್ಬಳಿಗೇ ಹೇಳಿದ್ದಕ್ಕ. ಬಂದವರು ಮೊದಲು ಕೇಳಿದ್ದೇ ಅದನ್ನ."

ಅಯ್ಯೋ, ಅದು ಹಾಗಲ್ಲ ಕಣೋ ಎಂದು ಕೂಗಬೇಕೆನಿಸಿತು. ಹಾಗಲ್ಲದಿದ್ದರೆ ಹೇಗೆ ಎಂದು ಅವನು ಕೇಳಿದರೆ ಹೇಳಲು ಅಪ್ಪಣೆಯಿರಲಿಲ್ಲ. ಅವಳು ಚೀಲ ತಡಕಿ ಫೋನನ್ನು ಟ್ರೇಗೆ ಹಾಕಿದಳು.

"ಬಾ ಒಳಗೆ," ಎಂದ ತಮ್ಮ, ಯಾರೋ ನೆಂಟರನ್ನು ಕರೆದಂತೆ. ಟ್ರೇಯನ್ನು ಒಯ್ದು ಕಪಾಟಿನ ಮೇಲಿಟ್ಟು ಟೀಗೆ ನೀರಿಡಲು ಹೋದ. ಅವಳು ಮೇಜಿನ ಮುಂದೆ ಕೂತಳು. ಫಲಕವಿದ್ದ ಕಡೆ ಅಂಟಿನ ಕಲೆ ಉಳಿದಿತ್ತು. ಬಲಗಡೆ, ಗುಂಡಿ ಇದ್ದಿರಬಹುದಾದ ಜಾಗದ ಮೇಲೆ ಬೆರಳಿಟ್ಟು ಅವಳು ಮೆಲ್ಲಗೆ ತಿರುಗಿಸತೊಡಗಿದಳು.