ಮಗ್ಗುಲ ಮನೆ

"ನಮ್ಮ ಮನೆಯೊಳಗೆ ಪ್ರಾರ್ಥನೆ ಗೀರ್ಥನೆ ಕೂಡದಮ್ಮಾ," ನರಸಿಂಹಮೂರ್ತಿ ಬಾಗಿಲಿಗೆ ಅಡ್ಡ ನಿಂತೇ ತೆಲುಗಿನಲ್ಲಿ ಹೇಳಿದರು. "ಒಪ್ಪುವುದಾದರೆ ಬನ್ನಿ."

"ಆಯ್ತಂಡಿ," ಎಂದಳು ಗಿರಿಜಾ. ಒಳಕೋಣೆಯಿಂದ ಅವರ ಹೆಂಡತಿ ಅನ್ನಪೂರ್ಣಮ್ಮನ ನರಳಾಟ ಕೇಳುತ್ತಿತ್ತು.

ಬ್ಯಾಂಕಿನವನಾದ ಗಿರಿಜಾಳ ಗಂಡ ದಿನಕರನಿಗೆ ವಿಶಾಖಪಟ್ಟಣಕ್ಕೆ ವರ್ಗವಾಗಿ ಉಡುಪಿಯಿಂದ ಎಂವಿಪಿ ಕಾಲೋನಿಗೆ ಬಂದಾಗ, ಮೊದಲ ದಿನದ ಊಟ ಕಳಿಸಿದವಳು ಈ ಅನ್ನಪೂರ್ಣಮ್ಮ. ಎಂಬತ್ತೊಂಬತ್ತರ ಚುನಾವಣೆ ಹತ್ತಿರವಾದಂತೆ ಎಲ್ಲ ಕೆಟ್ಟಿತು. ಮೂರ್ತಿಯವರು ಒಂದು ಪಕ್ಷದ ವಾರ್ಡು ಮುಖಂಡರು. ಗಿರಿಜಾಳ ಮನೆಯ ಬುಧವಾರದ ಪ್ರಾರ್ಥನಾ ಕೂಟಕ್ಕೆ ಬರುವವರೆಲ್ಲ ಇನ್ನೊಂದು ಪಕ್ಷದ ಕಡೆ. ಕೂಟದ ನೆಪದಲ್ಲಿ ಓಟು ಕೇಳುತ್ತಾರೆಂದು ಮೂರ್ತಿಯವರು ದೂರು ಕೊಟ್ಟರು. ಪೊಲೀಸರು ಬಂದು, ಬೈಬಲು ಹಿಡಿದು ಕೂತಿದ್ದ ಹೆಂಗಸರನ್ನು ಎಬ್ಬಿಸಿ ಕಳಿಸಿದರು.

ಆಮೇಲೆ ಅನ್ನಪೂರ್ಣಮ್ಮನಿಗೆ ಪಾರ್ಶ್ವವಾಯು ಬಡಿಯಿತು. ಮಕ್ಕಳಿಲ್ಲ. ನೋಡಿಕೊಳ್ಳಲು ಇಟ್ಟ ಹೆಂಗಸು ಬಹಳ ದಿನ ನಿಲ್ಲಲಿಲ್ಲ. ಗೋಡೆಯಾಚೆಯ ಕೂಗು ಕೇಳಿ ಕೇಳಿ ತಡೆಯಲಾರದೆ ಗಿರಿಜಾ ಇವತ್ತು ಸೆರಗು ಸಿಕ್ಕಿಸಿಕೊಂಡು ಬಂದಿದ್ದಳು.

ಅಂದಿನಿಂದ ದಿನವೂ ಹೋದಳು. ಮೈ ಒರೆಸಿದಳು, ಬೆನ್ನಿನ ಹುಣ್ಣಿಗೆ ಮುಲಾಮು ಹಚ್ಚಿದಳು, ಹೇಸದೆ ಬಟ್ಟೆ ಒಗೆದಳು. ಕೊಟ್ಟ ಮಾತಿನಂತೆ ಪ್ರಾರ್ಥನೆಯ ಒಂದು ಸೊಲ್ಲೂ ಎತ್ತಲಿಲ್ಲ. ಮೂರ್ತಿಯವರು ಹೊರಗೆ ಕಾರ್ಯಕರ್ತರ ಜೊತೆ ಕೂತು, ಅವಳಿಗೆ ಕೇಳುವ ಹಾಗೆಯೇ ಚರ್ಚಿನವರನ್ನು ಬಯ್ಯುತ್ತಿದ್ದರು.

ಬುಧವಾರ ಕೂಟದ ಹಿರಿಯಳಾದ ಸುವಾರ್ತಮ್ಮ ಒಳಗೆ ಬಾರದೆ ಗಿರಿಜಾಳ ಮನೆಯ ಮೆಟ್ಟಿಲಲ್ಲೇ ನಿಂತಳು. "ನಮ್ಮ ಮರ್ಯಾದೆ ಕಳೆದವನ ಮನೆಯಲ್ಲಿ ನೀನು ಚಾಕರಿ ಮಾಡ್ತೀಯ. ಇನ್ನು ಇಲ್ಲಿಗೆ ಯಾರೂ ಬರುವುದಿಲ್ಲ."

ಆ ಸಂಜೆ ಹಾಸಿದ ಜಮಖಾನದ ಮೇಲೆ ಗಂಡ ಹೆಂಡತಿ ಇಬ್ಬರೇ ಕೂತರು.

"ಎಂತಕ್ಕೆ ಇದೆಲ್ಲ, ಮಾರಾಯ್ತಿ? ಆ ಮನುಷ್ಯ ಬದಲಾಗ್ಲಿಕ್ಕುಂಟಾ?"

"ಇಲ್ಲ. ಅವರನ್ನು ಕಂಡ್ರೆ ನಂಗೂ ಹೊಟ್ಟೆ ಉರೀತದೆ," ಎಂದಳು ಗಿರಿಜಾ. "ಆದ್ರೆ ಅನ್ನಪೂರ್ಣಮ್ಮ ಕೂಗುವುದು ಕೇಳ್ತದಲ್ಲ. ಕೇಳಿಯೂ ಸುಮ್ಮನೆ ಕೂತ್ರೆ, ಬುಧವಾರ ಬುಧವಾರ ನಾವು ಓದುವುದು ಎಂತದು?"

ಮತ ಎಣಿಕೆ ಮುಗಿಯುತ್ತ ಬಂದ ಮಧ್ಯಾಹ್ನ ಅವಳು ಹೋದಾಗ ಹೊರಗಿನ ಕುರ್ಚಿಗಳು ಖಾಲಿಯಿದ್ದವು. ಮೂರ್ತಿಯವರು ರೇಡಿಯೊ ಆರಿಸಿ ಕೂತಿದ್ದರು.

"ನಿಮ್ಮವರು ಗೆದ್ದರು."

"ಬಿಸಿನೀರು ಬೇಕಿತ್ತು," ಎಂದಳು ಗಿರಿಜಾ.

ಸ್ವಲ್ಪ ಹೊತ್ತಿಗೆ ಅವರೇ ತಪ್ಪಲೆ ತಂದಿಟ್ಟರು. ಹೊರಡಲಿಲ್ಲ. ಗಿರಿಜಾ ಒಬ್ಬಳೇ ಅನ್ನಪೂರ್ಣಮ್ಮನನ್ನು ಮಗ್ಗುಲಿಗೆ ಹೊರಳಿಸಲು ಹೆಣಗುವುದನ್ನು ನೋಡಿ, ಬಗ್ಗಿ ಹೆಂಡತಿಯ ಭುಜದಡಿಗೆ ತೋಳು ಕೊಟ್ಟರು. ಬೆನ್ನಿನ ಹುಣ್ಣನ್ನು ಅವರು ನೋಡಿದ್ದು ಅದೇ ಮೊದಲು. ಮುಖ ತಿರುಗಿಸಿದರು, ಕೈ ತೆಗೆಯಲಿಲ್ಲ.

ಬೀದಿಯಲ್ಲಿ ಪಟಾಕಿ ಸರ ಹೊತ್ತಿಕೊಂಡಿತು. ಅನ್ನಪೂರ್ಣಮ್ಮ ಬೆಚ್ಚಿದಳು. ಮೂರ್ತಿಯವರು ಇನ್ನೊಂದು ಅಂಗೈಯಿಂದ ಅವಳ ಕಿವಿ ಮುಚ್ಚಿ ಹಿಡಿದರು. ಗಿರಿಜಾ ಬಟ್ಟೆ ಹಿಂಡಿ, ಮೆಲ್ಲಗೆ ಬೆನ್ನು ಒರೆಸತೊಡಗಿದಳು.