ಕಾಲು ತೊಳೆಯುವ ಹುಚ್ಚು

ನನ್ನ ತಮ್ಮ ನೀಲಕಂಠಸ್ವಾಮಿಗೆ ಹುಚ್ಚು ಹಿಡಿದಿದೆ ಎಂದು ಉಮ್ಮತ್ತೂರಿನಲ್ಲಿ ಮೊದಲು ಹೇಳಿದವನು ನಾನೇ. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನಾನೇ ಹೇಳಿಬಿಡುವುದು ವಾಸಿ ಅನ್ನಿಸಿತು. ಸಿದ್ದಮಲ್ಲಪ್ಪನ ಬಾಯಿಗೆ ಬೀಗವಿಲ್ಲ ಎಂದು ಊರೇ ನನ್ನನ್ನು ಆಡಿಕೊಳ್ಳುತ್ತದೆ. ಆಡಿಕೊಳ್ಳಲಿ.

ಐವತ್ತೇಳನೇ ಇಸವಿ, ಫ್ಲೂ ಜ್ವರ ಬಂದ ವರ್ಷ. ನೀಲಕಂಠ ಆಗ ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್. ಆಷಾಢದ ಒಂದು ಸಂಜೆ ಕೆಮ್ಮುತ್ತ ಮನೆಗೆ ಬಂದ. ನಮ್ಮದು ರೇಷ್ಮೆ ಹುಳ ಸಾಕುವ ಮನೆ. ಹೊರಗಿನಿಂದ ಬಂದವರು ಯಾರೇ ಆಗಲಿ, ಅಂಗಳದ ತೊಟ್ಟಿಯಲ್ಲಿ ಕೈಕಾಲು ತೊಳೆದೇ ಹೊಸ್ತಿಲು ದಾಟಬೇಕು. ಇಲ್ಲದಿದ್ದರೆ ಹುಳಕ್ಕೆ ರೋಗ ತಗಲುತ್ತದೆ. ಅವತ್ತು ಅವನು ತೊಳೆಯಲಿಲ್ಲ. ಮೈ ಕೆಂಡವಾಗಿತ್ತು. ಸೀದಾ ಒಳಗೆ ಹೋಗಿ, ಹುಳದ ತಟ್ಟೆಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದ ಅವ್ವನ ಪಕ್ಕದಲ್ಲಿ ಮಲಗಿಬಿಟ್ಟ. ಅವ್ವ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಐದು ದಿನಕ್ಕೆ ಅವನು ಎದ್ದು ಕೂತ. ಒಂಬತ್ತನೇ ದಿನ ಅವ್ವ ಹೋದಳು.

ಅಲ್ಲಿಂದ ಶುರುವಾಯಿತು ನೋಡಿ. ತೊಟ್ಟಿಗೆ ಹೋಗುತ್ತಾನೆ, ಕಾಲು ತೊಳೆಯುತ್ತಾನೆ, ಹೊಸ್ತಿಲ ತನಕ ಬರುತ್ತಾನೆ, ಕಾಲು ನೋಡಿಕೊಳ್ಳುತ್ತಾನೆ, ತಿರುಗಿ ತೊಟ್ಟಿಗೆ ಹೋಗುತ್ತಾನೆ. ದಿನಕ್ಕೆ ಐವತ್ತು ಸಲವೋ ಅರವತ್ತು ಸಲವೋ. ಒಳಗೆ ಮಾತ್ರ ಬರುವುದಿಲ್ಲ. ಊಟ ಕೊಟ್ಟಿಗೆಯಲ್ಲಿ, ಅದೂ ನಿಂತುಕೊಂಡೇ. ಬಸ್ಸಿನ ಕೆಲಸಕ್ಕೂ ಹೋಗಲಿಲ್ಲ. ಬೆರಳ ಸಂದು ನೀರಿನಲ್ಲಿ ನೆನೆದು ಬೆಳ್ಳಗಾಗಿ ಒಡೆದುಹೋದವು. ಆ ಓಡಾಟ ನೋಡಿ ನೋಡಿ ನನಗೂ ಒಂದು ಕಡೆ ಕೂರಲು ಆಗುತ್ತಿರಲಿಲ್ಲ.

ಪಕ್ಕದ ಮನೆಯ ಗಂಗಾಧರಸ್ವಾಮಿ ಬಂದು ದೂರದಿಂದಲೇ ನೋಡಿದ.

"ಜ್ವರದ ಕಾವು ನೆತ್ತಿಗೇರ್ಬುಟ್ಟದೆ ಕಣ್ಲಾ. ತಲೆ ಬೋಳಿಸಿ ನಿಂಬೆಹಣ್ಣು ತಿಕ್ಕು."

ಬೋಳಿಸಿದೆ. ಹನ್ನೊಂದು ದಿನ ತಿಕ್ಕಿದೆ. ಕಣ್ಣಿಗೆ ರಸ ಇಳಿದರೂ ಅವನು ಉಫ್ ಅನ್ನಲಿಲ್ಲ. ತಿಕ್ಕಿಸಿಕೊಂಡು ನೇರ ತೊಟ್ಟಿಗೆ ಹೋದ. ಗಾಳಿ ಮೆಟ್ಟಿದೆ ಅಂದರು, ತಾಯತ ಕಟ್ಟಿಸಿದೆ. ಮದುವೆ ಮಾಡಿದರೆ ಸರಿಹೋಗುತ್ತಾನೆ ಅಂದರು. ಕಾಲು ತೊಳೆಯುತ್ತ ನಿಂತವನಿಗೆ ಹೆಣ್ಣು ಕೊಡುವವರು ಯಾರು? ಊರಿನ ಗಂಡಸರೆಲ್ಲ ಒಂದೊಂದು ಮದ್ದು ಹೇಳಿದರು, ಒಬ್ಬರೂ ಅವನ ಹತ್ತಿರ ಕೂರಲಿಲ್ಲ. ನಾನೂ ಕೂರಲಿಲ್ಲ.

ನನ್ನ ಹೆಂಡತಿ ಶಾಂತಮಲ್ಲಮ್ಮ ಒಬ್ಬಳೇ ಬೇರೆ ಮಾತಾಡಿದ್ದು.

"ಯಾಕಪ್ಪಾ ಇಂಗೆ ಕಾಲ್ ತೊಳೀತೀಯ ಅಂತ ಒಂದ್ಸಲನಾರ ಕೇಳಿದ್ರಾ?"

"ಹುಚ್ಚನ್ನ ಯಾರಾದ್ರೂ ಯಾಕೆ ಅಂತ ಕೇಳ್ತಾರೇನೆ? ಓಗು, ಸೊಪ್ಪಾಕು."

"ಒಂದು ಉಳ ಸೊಪ್ಪು ಬುಟ್ರೆ ಹತ್ ಸಲ ಬಗ್ಗಿ ನೋಡ್ತೀರ," ಅಂದು ಅವಳು ಒಳಗೆ ಹೋದಳು.

ಅವಳ ಮಾತು ಸುಳ್ಳಲ್ಲ. ಹುಳ ನಾಲ್ಕು ಸಲ ಮೇವು ಬಿಟ್ಟು ಪೊರೆ ಕಳಚುತ್ತದೆ, ಅದಕ್ಕೆ ನಾವು ಜ್ವರ ಅಂತಲೇ ಅನ್ನುತ್ತೇವೆ. ಯಾವ ಹುಳ ಎಷ್ಟನೇ ಜ್ವರಕ್ಕೆ ಕೂತಿದೆ ಅಂತ ನಾನು ಬಾಗಿಲಲ್ಲಿ ನಿಂತೇ ಹೇಳಬಲ್ಲೆ. ಆದರೂ ಅವತ್ತು ಅವಳ ಮೇಲೆ ರೇಗಿದೆ.

ಕೊನೆಗೆ ಗುಂಡ್ಲುಪೇಟೆಯಲ್ಲಿ ಬರೆ ಹಾಕಿ ಹುಚ್ಚು ಬಿಡಿಸುವವನೊಬ್ಬನಿದ್ದಾನೆ ಎಂದು ಗಂಗಾಧರಸ್ವಾಮಿ ಸುದ್ದಿ ತಂದ. ಕಾದ ಕಬ್ಬಿಣವನ್ನು ಕತ್ತಿನ ಹಿಂದೆ ಎಳೆಯುತ್ತಾನಂತೆ. ಬದನಗುಪ್ಪೆಯ ಒಬ್ಬನಿಗೆ ಎಳೆದ ಮೇಲೆ ಓಡಾಟವೇನೋ ನಿಂತಿತು, ಮಾತೂ ನಿಂತುಹೋಯಿತು. ಅದು ಗೊತ್ತಿದ್ದೂ ಕರೆದುಕೊಂಡು ಹೊರಟೆ. ಅವನು ಸುಮ್ಮನಾದರೆ ಸಾಕಾಗಿತ್ತು ನನಗೆ.

ಬಸ್ಸಿನಲ್ಲಿ ಅವನು ಕೂರಲಿಲ್ಲ. ಬಾಗಿಲ ಹತ್ತಿರ ನಿಂತು, ಒಂದು ಕಾಲಿನಿಂದ ಇನ್ನೊಂದನ್ನು ಉಜ್ಜುತ್ತಲೇ ಇದ್ದ. ಎಲ್ಲಿ ಹಾರಿಬಿಡುತ್ತಾನೋ ಎಂದು ದಾರಿಯುದ್ದಕ್ಕೂ ಅವನ ಅಂಗಿ ಹಿಡಿದುಕೊಂಡಿದ್ದೆ.

ಬರೆ ಹಾಕುವವನ ಅಂಗಳದಲ್ಲಿ ಇದ್ದಿಲ ಒಲೆ, ಅದರಲ್ಲಿ ಕೆಂಪಗೆ ಕಾದ ಸರಳು. "ತಿರುಗಿಸಿ ಕೂರಿಸಿ, ಕತ್ತು ಬಗ್ಗಲಿ," ಅಂದ. ಒಂದೂವರೆ ತಿಂಗಳಿಂದ ಕೂರದಿದ್ದವನು ತಟ್ಟನೆ ಕೂತ. ಎರಡೂ ಕಾಲು ಮುಂದೆ ಚಾಚಿದ.

"ಕತ್ತಿಗೆ ಬ್ಯಾಡಿ. ಇವ್ಕೆ ಹಾಕಿ."

"ಕಾಲ್ಗ್ಯಾಕ್ಲಾ?" ಎಂದು ನಾನು ಗದರಿದೆ.

"ನೀರಲ್ಲಿ ಓಗ್ನಿಲ್ಲ ಕಣಣ್ಣ. ಬೆಂಕೀಲಾದ್ರೂ ಓಯ್ತದೇನೋ."

"ಏನ್ಲಾ ಓಗ್ಬೇಕು?"

"ಅವ್ವನ್ನ ಸಾಯ್ಸಿದ್ದು."

"ಯಾವ ಬಡ್ಡೀಮಗ ಯೋಳ್ದ ನಿಂಗೆ ಅಂಗೆ?"

ಅವನು ನನ್ನ ಮುಖ ನೋಡಿದ. ಅವನಿಗೆ ನನ್ನ ಮೇಲೆ ಕೋಪವಿರಲಿಲ್ಲ. ನಾನು ಹೇಳಿದ್ದನ್ನು ಅವನು ನಂಬಿದ್ದ, ಅಷ್ಟೇ.

"ನೀನೇ ಅಲ್ವಾಣ್ಣ. ಗುಂಡಿ ತಾವ."

ಹೌದು, ನಾನೇ. ಅವ್ವನನ್ನು ಸಮಾಧಿ ಗುಂಡಿಯಲ್ಲಿ ಕೂರಿಸುವಾಗ ಊರೆಲ್ಲ ಜ್ವರದಲ್ಲಿ ಮಲಗಿತ್ತು. ನಾವು ಐದೇ ಜನ. ಮಣ್ಣು ಎಳೆಯುವ ಮೊದಲು ಅವನ ಕಡೆ ತಿರುಗಿ, "ಕಾಲು ತೊಳೀದೆ ಒಳಕ್ ಬಂದು ಅವ್ವನ್ನ ತಿಂದ್ಕಂಡ್ಯಲ್ಲೋ ಪಾಪಿ" ಅಂದಿದ್ದೆ. ಅಂದು, ಮಣ್ಣು ಎಳೆದು, ಮನೆಗೆ ಬಂದು ಹುಳಕ್ಕೆ ಸೊಪ್ಪು ಹಾಕಿ, ಮರೆತಿದ್ದೆ. ಕಾವೆಂದು, ಗಾಳಿಯೆಂದು ಊರೆಲ್ಲ ಕಾರಣ ಹುಡುಕಿದವನು ನನ್ನ ಬಾಯಿಯನ್ನೇ ನೋಡಿಕೊಂಡಿರಲಿಲ್ಲ. ಥೂ ನನ್ನ ಜನ್ಮಕ್ಕೆ!

"ಏಳ್ಲಾ ಮ್ಯಾಕೆ," ಅಂದೆ.

"ಸರಳು ಕಾದಿದೆ," ಅಂದ ಬರೆಯವನು.

"ಕಾದಿದ್ರೆ ನೀನೇ ಹಾಕ್ಕೋ ಓಗಯ್ಯ!"

ಹಿಂದಿರುಗುವಾಗ ಬಸ್ಸಿನಲ್ಲಿ ಕೂರಲಾಗದೆ ಒದ್ದಾಡಿದವನು ನಾನು. ಎದ್ದೆ, ಕೂತೆ, ಕಿಟಕಿಯಾಚೆ ಉಗಿದೆ. ಒಡಹುಟ್ಟಿದ ತಮ್ಮನಿಗೆ ತಪ್ಪಾಯಿತು ಅನ್ನುವುದನ್ನು ಮುಂದಿನ ನಿಲ್ದಾಣಕ್ಕೆ, ಅದರ ಮುಂದಿನದಕ್ಕೆ ಎಂದು ತಳ್ಳುತ್ತ ಬಂದೆ. ಚಾಮರಾಜನಗರ ಬಂತು, ಬಸ್ಸು ಬದಲಿಸಿದ್ದಾಯಿತು, ಉಮ್ಮತ್ತೂರು ಬಂತು.

ಅಂಗಳಕ್ಕೆ ಬಂದವನೇ ಅವನು ತೊಟ್ಟಿಯ ಕಡೆ ತಿರುಗಿದ. ನಾನು ತಿರುಗಲಿಲ್ಲ. ಮೊಣಕಾಲ ತನಕ ದಾರಿಯ ಧೂಳು, ಅಂಗಾಲಿಗೆ ಬರೆಯವನ ಅಂಗಳದ ಬೂದಿ. ಹಾಗೇ ಹೊಸ್ತಿಲು ದಾಟಿದೆ. ಒಳಗೆ ಹುಳ ನಾಲ್ಕನೇ ಜ್ವರ ಮುಗಿಸಿ ಹಸಿದು ತಲೆಯೆತ್ತಿದ್ದವು.

"ಅಯ್ಯಯ್ಯೋ, ಕಾಲು!" ಎಂದು ಶಾಂತಮಲ್ಲಮ್ಮ ಕೂಗಿದಳು.

ತಟ್ಟೆಗಳ ನಡುವೆ, ಅವ್ವ ಕೂರುತ್ತಿದ್ದ ಜಾಗದಲ್ಲಿ ಹೋಗಿ ಕೂತೆ.

"ಬಾರ್ಲಾ ಒಳಕ್ಕೆ."

"ಕಾಲು ಕಣಣ್ಣ," ಅಂದ ಅವನು ಹೊಸ್ತಿಲಾಚೆಯಿಂದ.

"ನನ್ನವೂ ಕಾಲೇ ಕಣ್ಲಾ. ಅವ್ವನ್ನ ತಗಂಡೋಗಿದ್ದು ಜ್ವರ. ಊರಲ್ಲಿ ಇನ್ನೆಷ್ಟು ಜನ ಓಗ್ನಿಲ್ಲ? ಸಂಕ್ಟ ತಡೀನಾರ್ದೆ ಬಾಯ್ಗೆ ಬಂದಂಗೆ ಅಂದ್ಬುಟ್ಟೆ. ತಪ್ಪಾಯ್ತು. ಬಾರಪ್ಪ."

ಅವನು ಒಂದು ಕಾಲು ಒಳಗಿಟ್ಟು ತೆಗೆದ. ಮತ್ತೆ ಇಟ್ಟ. ಬಂದು ನನ್ನ ಪಕ್ಕ ಕೂತು, ಅವ್ವ ಹೋದ ದಿನ ಅಳದಿದ್ದ ಅಳುವನ್ನೆಲ್ಲ ಅತ್ತ. ನಾನೂ ಅತ್ತೆ, ಅದರಲ್ಲಿ ಮುಚ್ಚುಮರೆ ಏನು? ಶಾಂತಮಲ್ಲಮ್ಮ ನಮ್ಮ ಕಡೆ ನೋಡದೆ ಹುಳಕ್ಕೆ ಸೊಪ್ಪು ಹಾಕುತ್ತಲೇ ಇದ್ದಳು.

ಮಾರನೇ ದಿನವೇ ಸರಿಹೋದ ಅಂತ ಹೇಳಿದರೆ ಸುಳ್ಳಾದೀತು. ತೊಟ್ಟಿಗೆ ಆಮೇಲೂ ಹೋಗುತ್ತಿದ್ದ. ಆದರೆ ಊಟಕ್ಕೆ ಒಳಗೆ ಬರುತ್ತಿದ್ದ, ಕೂತು ಉಣ್ಣುತ್ತಿದ್ದ.

ವಾರದೊಳಗೆ ಅರ್ಧ ಹುಳ ಹಳದಿ ತಿರುಗಿ ಸತ್ತವು. ಬುಟ್ಟಿಯಲ್ಲಿ ತುಂಬಿ ಹಿತ್ತಿಲ ಗುಂಡಿಗೆ ಸುರಿಯುತ್ತಿದ್ದೆ. ನೀಲಕಂಠ ಹಿಂದೆ ಬಂದು ನಿಂತ. ಒಂದು ಕಾಲು ಇನ್ನೊಂದನ್ನು ಉಜ್ಜಲು ಶುರುಮಾಡಿತ್ತು.

"ನನ್ ಕಾಲಿಂದ್ಲಾ ಅಣ್ಣ?"

ಯಾರಿಗೆ ಗೊತ್ತು? ಮಳೆಯ ಥಂಡಿಯೋ, ಒದ್ದೆ ಸೊಪ್ಪೋ, ಕಾಲೋ, ನನಗೆ ಇವತ್ತಿಗೂ ಗೊತ್ತಿಲ್ಲ.

"ಅಲ್ಲ ಕಣ್ಲಾ, ನನ್ ಕಾಲಿಂದ. ಮೊದ್ಲು ದಾಟ್ದೋನು ನಾನಲ್ವ?"

ಅವನು ನನ್ನ ಕಾಲನ್ನೇ ನೋಡಿದ. ಆಮೇಲೆ ತೊಟ್ಟಿಯ ಕಡೆ ಹೊರಟ. ಮತ್ತೆ ಶುರುವಾಯಿತಲ್ಲಪ್ಪ ಎಂದು ಬುಟ್ಟಿ ಕೆಳಗಿಟ್ಟೆ. ಒಂದು ಚೊಂಬು ನೀರು ತುಂಬಿಕೊಂಡು ವಾಪಸ್ ಬಂದು, ನನ್ನ ಮುಂದೆ ಹಿಡಿದ.

"ಅಂಗಾದ್ರೆ ನೀನೇ ತೊಳ್ಕೋ," ಎಂದು ನಕ್ಕ.